ಹತ್ತು ಲೀಟರಿನೊಳಗೆ ಗಾಳಿಯ ದಾರಿ

ಗಣಕಯಂತ್ರವೊಂದು ತನ್ನೊಳಗೆ ಸೆಳೆದುಕೊಳ್ಳುವ ವಿದ್ಯುತ್ತು, ಪರದೆಯ ಮೇಲೆ ಅದು ಎಷ್ಟೇ ರಮಣೀಯವಾದ ಅರಣ್ಯವನ್ನಾಗಲಿ ಎಷ್ಟೇ ಘೋರವಾದ ರಣರಂಗವನ್ನಾಗಲಿ ನಿರ್ಮಿಸಿ ತೋರಿಸಲಿ, ಕಟ್ಟಕಡೆಗೆ ಶಾಖವಾಗಿಯೇ ಪರಿಣಮಿಸುತ್ತದೆಂಬುದು ಭೌತಶಾಸ್ತ್ರದ ಅನುಲ್ಲಂಘ್ಯವಾದ ನಿಯಮ. ಆಟಗಳಿಗೆಂದು ಕಟ್ಟಿದ ಮಧ್ಯಮ ತರಗತಿಯ ಯಂತ್ರವೊಂದು ಆಟ ನಡೆಯುತ್ತಿರುವಷ್ಟು ಹೊತ್ತೂ ಸುಮಾರು 400 ವ್ಯಾಟ್ ವಿದ್ಯುತ್ತನ್ನು ಬಳಸುತ್ತದೆಂದು ಇಟ್ಟುಕೊಂಡರೆ, ಅಷ್ಟು ಶಾಖವೂ ಆ ಪೆಟ್ಟಿಗೆಯೊಳಗಿಂದ ಎಡೆಬಿಡದೆ ಹೊರಬೀಳುತ್ತಿರಬೇಕು. ಅದನ್ನು ಹೊತ್ತೊಯ್ಯತಕ್ಕ ವಾಹನವಾದರೋ ಗಾಳಿಯೊಂದೇ. ಗಾಳಿಯ ಸಾಂದ್ರತೆಯನ್ನೂ ಅದರ ಶಾಖಧಾರಣ ಶಕ್ತಿಯನ್ನೂ ಗಣನೆಗೆ ತಂದುಕೊಂಡು ಲೆಕ್ಕ ಹಾಕಿದರೆ, ಒಳಹೊಕ್ಕ ಗಾಳಿ ಹತ್ತು ಡಿಗ್ರಿಗಿಂತ ಹೆಚ್ಚು ಬಿಸಿಯಾಗದೆ ಹೊರಬರಬೇಕಾದಲ್ಲಿ ಸೆಕೆಂಡಿಗೆ ಸುಮಾರು 33 ಲೀಟರು ಗಾಳಿ ಹರಿಯಬೇಕಾಗುತ್ತದೆ. ಪೆಟ್ಟಿಗೆ 50 ಲೀಟರಿನದಾದರೂ 10 ಲೀಟರಿನದಾದರೂ ಈ ಪ್ರಮಾಣ ಬದಲಾಗದು. 50 ಲೀಟರಿನ ಪೆಟ್ಟಿಗೆಯಲ್ಲಿ ಗಾಳಿ ನಿಧಾನವಾಗಿ ಸುಳಿದು, ಅಡ್ಡದಾರಿ ಹಿಡಿದರೂ ಹೇಗೋ ಹೊರಬೀಳುತ್ತದೆ. 10 ಲೀಟರಿನ ಪೆಟ್ಟಿಗೆಯಲ್ಲಿಯೋ ಒಳಗಿನ ಗಾಳಿಯೆಲ್ಲವೂ ಸೆಕೆಂಡಿಗೆ ಮೂರಾವರ್ತಿ ಬದಲಾಗಬೇಕು, ಅದೂ ಆ ಹತ್ತು ಲೀಟರಿನಲ್ಲಿ ಬಹುಭಾಗವನ್ನು ಲೋಹವೂ ತಂತಿಗಳೂ ಆಕ್ರಮಿಸಿಕೊಂಡಿರುವಾಗ.

ಪುಟ್ಟ ಯಂತ್ರವನ್ನು ತಾವೇ ಕೂಡಿಸಿ ಕಟ್ಟಬೇಕೆಂದು ಹಂಬಲಿಸುವ ತರುಣರಲ್ಲಿ ಬಹುಮಂದಿ ಮೊದಲು ಅತ್ಯಂತ ವೇಗದ ಪ್ರೊಸೆಸರನ್ನೂ ತಮ್ಮ ಹಣಕ್ಕೆ ದಕ್ಕುವ ಅತ್ಯಂತ ಬಲಶಾಲಿಯಾದ ಗ್ರಾಫಿಕ್ಸ್ ಕಾರ್ಡನ್ನೂ ಗೊತ್ತುಮಾಡಿಕೊಂಡು, ಅನಂತರ ಅವೆರಡೂ ಹಿಡಿಸುವ ಕ್ಯಾಬಿನೆಟ್ಟನ್ನು ಹುಡುಕಿ, ಎಲ್ಲಕ್ಕೂ ಕಡೆಯಲ್ಲಿ, ಉಳಿದ ಹಣದಲ್ಲಿ, ಕೂಲರಿನ ವಿಚಾರಕ್ಕೆ ಬರುವುದುಂಟು. ದೊಡ್ಡ ಕ್ಯಾಬಿನೆಟ್ಟಿನ ವಿಷಯದಲ್ಲಿ ಈ ಕ್ರಮದಿಂದ ಹೇಳಿಕೊಳ್ಳುವಂಥ ಹಾನಿಯಿಲ್ಲ. ಸಣ್ಣದರಲ್ಲಿ ಮಾತ್ರ ಈ ಕ್ರಮ ತಲೆಕೆಳಗಾಗಬೇಕೆಂದೂ, ಗಾಳಿಯು ಎಲ್ಲಿ ಒಳಹೊಕ್ಕು ಯಾವುದನ್ನು ತಣಿಸಿ ಎಲ್ಲಿ ಹೊರಬೀಳುತ್ತದೆಂಬುದನ್ನು ಮೊದಲು ನಿಶ್ಚಯಿಸಿಕೊಂಡು, ಆ ದಾರಿ ಎಷ್ಟು ವ್ಯಾಟನ್ನು ತಾಳೀತೋ ಅಷ್ಟರೊಳಗೇ ಮಿಕ್ಕ ಭಾಗಗಳನ್ನು ಆರಿಸಿಕೊಳ್ಳಬೇಕೆಂದೂ ನನ್ನ ದೃಢವಾದ ಅಭಿಪ್ರಾಯ.

ಸಣ್ಣ ಮದರ್‌ಬೋರ್ಡಿನ ಚರಿತ್ರೆಯಲ್ಲಿಯೇ ಈ ಮಾತಿಗೆ ಆಧಾರವುಂಟು. 1995ರಲ್ಲಿ ಇಂಟೆಲ್ ಸಂಸ್ಥೆ ಬಳಕೆಗೆ ತಂದ ಎಟಿಎಕ್ಸ್ ಎಂಬ ಅಳತೆಯ ಫಲಕ 305 ಮಿಲಿಮೀಟರ್ ಉದ್ದ, 244 ಮಿಲಿಮೀಟರ್ ಅಗಲ. 2001ರಲ್ಲಿ ತೈವಾನಿನ ವಯಾ ಸಂಸ್ಥೆ ಪ್ರಕಟಪಡಿಸಿದ ಮಿನಿ-ಐಟಿಎಕ್ಸ್ ಫಲಕವಾದರೋ 170 ಮಿಲಿಮೀಟರಿನ ಚೌಕ, ಎಂದರೆ ಹಳೆಯದರ ವಿಸ್ತೀರ್ಣದಲ್ಲಿ ಅರ್ಧಕ್ಕೂ ಕಡಿಮೆ. ಆದರೆ ಅದು ಹುಟ್ಟಿದ್ದು ಅಲ್ಪ ವಿದ್ಯುತ್ತಿನಲ್ಲಿ ನಡೆಯುವ, ಕೆಲವು ಮಾದರಿಗಳಲ್ಲಿ ಫ್ಯಾನಿನ ಅಗತ್ಯವೇ ಇಲ್ಲದ, ಶಾಂತವಾದ ಯಂತ್ರಗಳಿಗಾಗಿ. ಅದೇ ಚೌಕದ ಪಕ್ಕದಲ್ಲಿ ನೂರಾರು ವ್ಯಾಟ್ ನುಂಗುವ ಗ್ರಾಫಿಕ್ಸ್ ಕಾರ್ಡನ್ನು ಕೂರಿಸುವ ಸಾಹಸ ಅನಂತರದ ಹವ್ಯಾಸಿಗಳದು. 12.6 ಲೀಟರಿನ ಎನ್‌ಕೇಸ್ ಎಂ1, ಅದರ ಬಳಿಕ ಬಂದ 7.2 ಲೀಟರಿನ ಡ್ಯಾನ್ ಎ4-ಎಸ್‌ಎಫ್‌ಎಕ್ಸ್ ಮೊದಲಾದ ಪೆಟ್ಟಿಗೆಗಳು ದೊಡ್ಡ ಕಾರ್ಖಾನೆಗಳ ಯೋಜನೆಯಿಂದಲ್ಲದೆ, ಇಂಥದೊಂದು ತಮಗೇ ಬೇಕಾಗಿದ್ದು ಪೇಟೆಯಲ್ಲಿ ಸಿಕ್ಕದಿದ್ದವರ ಆಸ್ಥೆಯಿಂದ ರೂಪುಗೊಂಡವು. ಡ್ಯಾನ್ ಪೆಟ್ಟಿಗೆಯಲ್ಲಿ ಮದರ್‌ಬೋರ್ಡೂ ಗ್ರಾಫಿಕ್ಸ್ ಕಾರ್ಡೂ ಒಂದಕ್ಕೊಂದು ಬೆನ್ನು ಕೊಟ್ಟು ನಿಲ್ಲುವಂತೆ ಮಾಡಿ, ನಡುವೆ ಬಾಗುವ ರೈಸರ್ ಕೇಬಲಿನಿಂದ ಅವನ್ನು ಜೋಡಿಸಿದ್ದರು. ಈ ಏರ್ಪಾಡಿನ ಗುಣವೇನೆಂದರೆ, ಎರಡು ಶಾಖಮೂಲಗಳಲ್ಲಿ ಒಂದೊಂದೂ ತನ್ನ ಪಕ್ಕದ ರಂಧ್ರಮಯವಾದ ಗೋಡೆಯ ಮೂಲಕ ಹೊರಗಿನ ತಂಪು ಗಾಳಿಯನ್ನೇ ನೇರವಾಗಿ ಸೇದಿಕೊಳ್ಳುತ್ತದೆ. ಒಂದರ ಬಿಸಿಯುಸಿರು ಇನ್ನೊಂದರ ಪಾಲಿಗೆ ಬಾರದು.

ಅಚ್ಚುಕಟ್ಟಾದ ರೂಪವೊಂದನ್ನು ಮೊದಲು ನಿಶ್ಚಯಿಸಿ ಶಾಖವನ್ನು ಅದಕ್ಕೆ ಒಗ್ಗಿಸಹೊರಟರೆ ಆಗುವುದೇನೆಂಬುದಕ್ಕೆ ಆಪಲ್ ಸಂಸ್ಥೆ 2013ರಲ್ಲಿ ಹೊರತಂದ ಮ್ಯಾಕ್ ಪ್ರೊ ಒಳ್ಳೆಯ ನಿದರ್ಶನ. 167 ಮಿಲಿಮೀಟರ್ ವ್ಯಾಸ, 251 ಮಿಲಿಮೀಟರ್ ಎತ್ತರದ, ಕಪ್ಪಾಗಿ ಹೊಳೆಯುವ ಆ ಸಿಲಿಂಡರಿನ ನಟ್ಟನಡುವೆ ತ್ರಿಕೋನಾಕಾರದ ಒಂದೇ ಲೋಹದ ತಿರುಳು. ಅದರ ಒಂದು ಮುಖಕ್ಕೆ ಪ್ರೊಸೆಸರ್, ಮಿಕ್ಕೆರಡು ಮುಖಗಳಿಗೆ ಒಂದೊಂದು ಗ್ರಾಫಿಕ್ಸ್ ಚಿಪ್ಪು. ಮೇಲೆ ಎಲ್ಲಕ್ಕೂ ಒಂದೇ ಫ್ಯಾನ್. ಶಾಖ ಮೂರು ಮುಖಗಳಿಗೂ ಸರಿಸಮವಾಗಿ ಹಂಚಿಹೋಗುತ್ತದೆಂಬ ಭಾವನೆಯಿಂದ ರಚಿತವಾದ ಈ ಯಂತ್ರಕ್ಕೆ, ಕಾಲ ಬದಲಾಗಿ ಒಂದೇ ಬಲಶಾಲಿಯಾದ, ಅತಿ ಬಿಸಿಯ ಗ್ರಾಫಿಕ್ಸ್ ಚಿಪ್ಪಿಗೆ ಬೇಡಿಕೆ ಬಂದಾಗ, ಅದನ್ನು ತಾಳಿಕೊಳ್ಳುವ ಅವಕಾಶವೇ ಉಳಿದಿರಲಿಲ್ಲ. ಉಷ್ಣದ ದೃಷ್ಟಿಯಲ್ಲಿ ತಾವೇ ತಮ್ಮನ್ನು ಮೂಲೆಗೊತ್ತಿಕೊಂಡಂತಾಯಿತೆಂದು 2017ರಲ್ಲಿ ಆ ಸಂಸ್ಥೆಯ ಪ್ರಮುಖರೇ ಪತ್ರಕರ್ತರೆದುರಿಗೆ ಒಪ್ಪಿಕೊಂಡರು. ಅಷ್ಟೊಂದು ಪ್ರತಿಭೆಯೂ ಸಂಪತ್ತೂ ಇದ್ದವರಿಗೆ ಒದಗಿದ ಈ ತೊಡಕು, ಮನೆಯ ಮೇಜಿನ ಮೇಲೆ ಸ್ಕ್ರೂಡ್ರೈವರ್ ಹಿಡಿದು ಕುಳಿತವರಿಗೂ ಒದಗಬಲ್ಲುದು.

ವಿಷಯವನ್ನು ಸಾಮಾನ್ಯ ಸೂತ್ರಗಳಲ್ಲಿ ಬೆಳೆಸುವುದಕ್ಕಿಂತ ಒಂದೇ ಉದಾಹರಣೆಯನ್ನು ಹಿಡಿದು ಕೊನೆಯವರೆಗೆ ನೋಡುವುದು ಮೇಲು. ಸ್ವೀಡನ್ ದೇಶದ ಫ್ರ್ಯಾಕ್ಟಲ್ ಡಿಸೈನ್ ಸಂಸ್ಥೆ 2023ರಲ್ಲಿ ಹೊರತಂದ ಟೆರಾ ಎಂಬ ಕ್ಯಾಬಿನೆಟ್ಟನ್ನು ತೆಗೆದುಕೊಳ್ಳೋಣ. ಅದರ ಗಾತ್ರ 10.4 ಲೀಟರು. ಮೇಲೆ ಹೇಳಿದ ಬೆನ್ನಿಗೆ ಬೆನ್ನಿನ ಏರ್ಪಾಡೇ ಇಲ್ಲಿಯೂ. ವಿಶೇಷವೇನೆಂದರೆ ಮದರ್‌ಬೋರ್ಡಿಗೂ ಗ್ರಾಫಿಕ್ಸ್ ಕಾರ್ಡಿಗೂ ನಡುವಣ ಲೋಹದ ಗೋಡೆಯನ್ನು ಅತ್ತಿತ್ತ ಸರಿಸಬಹುದು. ಗೋಡೆಯನ್ನು ಒಂದು ತುದಿಗೆ ಸರಿಸಿದಾಗ ಗ್ರಾಫಿಕ್ಸ್ ಕಾರ್ಡಿಗೆ 72 ಮಿಲಿಮೀಟರ್ ದಪ್ಪದವರೆಗೆ ಎಡೆ ದೊರೆತು ಪ್ರೊಸೆಸರಿನ ಕೂಲರಿಗೆ 48 ಮಿಲಿಮೀಟರ್ ಎತ್ತರ ಉಳಿಯುತ್ತದೆ. ಇನ್ನೊಂದು ತುದಿಗೆ ಸರಿಸಿದಾಗ ಕಾರ್ಡಿಗೆ 43 ಮಿಲಿಮೀಟರೂ ಕೂಲರಿಗೆ 77 ಮಿಲಿಮೀಟರೂ ದೊರೆಯುತ್ತವೆ. ಹೇಗೆ ಕೂಡಿಸಿದರೂ ಮೊತ್ತ 120. ಹಿರಿಯರ ಮನೆಯನ್ನು ಅಣ್ಣತಮ್ಮಂದಿರು ಹಂಚಿಕೊಂಡು ನಡುಮನೆಯಲ್ಲಿ ಗೋಡೆಯೆಬ್ಬಿಸುವಾಗ ಒಬ್ಬನ ಕೋಣೆಗೆ ಸೇರಿದ ಪ್ರತಿ ಗೇಣೂ ಇನ್ನೊಬ್ಬನ ಕೋಣೆಯಿಂದ ಕಳೆದದ್ದೇ ಆಗಿರುವಂತೆ, ಈ ನೂರಿಪ್ಪತ್ತು ಮಿಲಿಮೀಟರುಗಳ ವಿಭಾಗವೇ ಆ ಯಂತ್ರದ ಸಮಸ್ತ ಭವಿಷ್ಯವನ್ನೂ ನಿರ್ಣಯಿಸುತ್ತದೆ.

ಆಟದ ಯಂತ್ರದಲ್ಲಿ ದೊಡ್ಡ ಪಾಲು ಶಾಖ ಗ್ರಾಫಿಕ್ಸ್ ಕಾರ್ಡಿನದಾದುದರಿಂದ ಹಂಚಿಕೆಯೂ ಅದರಿಂದಲೇ ಆರಂಭವಾಗತಕ್ಕದ್ದು. ಎನ್‌ವಿಡಿಯಾ ಸಂಸ್ಥೆಯ ಆರ್‌ಟಿಎಕ್ಸ್ 5090 ಎಂಬ ಅಗ್ರಶ್ರೇಣಿಯ ಕಾರ್ಡಿಗೆ ಗೊತ್ತುಮಾಡಿರುವ ಮಿತಿ 575 ವ್ಯಾಟ್. ಆ ಸಂಸ್ಥೆಯೇ ತಯಾರಿಸಿದ ಮಾದರಿ ಎರಡೇ ಸ್ಲಾಟಿನ ದಪ್ಪಕ್ಕೆ ಇಳಿದಿರುವುದು ಶ್ಲಾಘನೀಯವಾದ ಶಿಲ್ಪವಾದರೂ, ಹತ್ತು ಲೀಟರಿನೊಳಗೆ ಅದನ್ನು ತೂರಿಸುವುದನ್ನು ನಾನು ಯಾರಿಗೂ ಸಲಹೆಮಾಡಲಾರೆ. ಅದು ಹಿಡಿಸುತ್ತದೆಂಬುದು ಬೇರೆ, ಉಸಿರಾಡುತ್ತದೆಂಬುದು ಬೇರೆ. ಅದೇ ಸಾಲಿನ ಆರ್‌ಟಿಎಕ್ಸ್ 5070 ಕಾರ್ಡಿನ ಮಿತಿ 250 ವ್ಯಾಟ್, ಸಂಸ್ಥೆಯ ಸ್ವಂತ ಮಾದರಿಯ ಉದ್ದ 242 ಮಿಲಿಮೀಟರ್, ದಪ್ಪ ಎರಡು ಸ್ಲಾಟು, ಎಂದರೆ ಸುಮಾರು 40 ಮಿಲಿಮೀಟರ್. ಇಂಥದನ್ನು ಆರಿಸಿದರೆ ಗೋಡೆಯನ್ನು ಪೂರ್ತಿಯಾಗಿ ಕಾರ್ಡಿನ ಕಡೆಗೆ ಸರಿಸಿ ಪ್ರೊಸೆಸರಿಗೆ 77 ಮಿಲಿಮೀಟರನ್ನು ದೊರಕಿಸಬಹುದು. ಕಾರ್ಡು ಇನ್ನೂ ದಪ್ಪವಾಗಿ ಎರಡೂವರೆ ಸ್ಲಾಟಿನದಾಗಿದ್ದರೆ ಶಾಖವನ್ನು ಗಾಳಿಗೆ ಬಿಡುವ ಅದರ ಲೋಹದ ರೆಕ್ಕೆಗಳು ವಿಶಾಲವಾಗಿ, ಫ್ಯಾನಿನ ಸದ್ದು ತಗ್ಗುವುದು ನಿಜ. ಆದರೆ ಅದಕ್ಕೆ ಬೆಲೆ ತೆರುವುದು ಪ್ರೊಸೆಸರಿನ ಕೂಲರು. ಕಾರ್ಡನ್ನು ರಂಧ್ರಗಳ ಹೊರಹಾಳೆಗೆ ತೀರ ಒತ್ತಿ ನಿಲ್ಲಿಸದೆ, ಫ್ಯಾನಿಗೂ ಆ ಹಾಳೆಗೂ ನಡುವೆ ಕೆಲವು ಮಿಲಿಮೀಟರಾದರೂ ಬಿಡುವುಳಿಸಬೇಕೆಂಬುದನ್ನು ಮರೆಯಬಾರದು.

ರೈಸರ್ ಕೇಬಲಿನ ವಿಷಯವಾಗಿ ಒಂದು ಮಾತು ಇಲ್ಲಿಯೇ ಹೇಳಿಬಿಡಬೇಕು. ಟೆರಾದೊಡನೆ ಬರುವ ಕೇಬಲು ಪಿಸಿಐ ಎಕ್ಸ್‌ಪ್ರೆಸ್ ನಾಲ್ಕನೆಯ ಪೀಳಿಗೆಯದು, ಹೊಸ ಕಾರ್ಡುಗಳಾದರೋ ಐದನೆಯ ಪೀಳಿಗೆಯವು. ಯಂತ್ರ ತಾನಾಗಿ ಐದನೆಯದಕ್ಕೆ ಏರಲು ಹವಣಿಸಿ ಸಂಕೇತ ಕದಡಿ, ಪರದೆ ಕಪ್ಪಾಗಿ ನಿಲ್ಲುವುದುಂಟು. ಬಯಾಸ್‌ನಲ್ಲಿ ಆ ಸ್ಲಾಟಿನ ವೇಗವನ್ನು ನಾಲ್ಕನೆಯ ಪೀಳಿಗೆಗೆ ಕೈಯಾರೆ ನಿಗದಿಪಡಿಸಿದರೆ ಸಾಕು. ಆಟದ ವೇಗದಲ್ಲಿ ಅದರಿಂದ ಗೋಚರವಾಗುವ ನಷ್ಟವಿಲ್ಲ.

ಇನ್ನು ಪ್ರೊಸೆಸರು. ಇಲ್ಲಿ ವ್ಯಾಟಿನ ಸಂಖ್ಯೆಯೊಂದನ್ನೇ ನೋಡುವವರು ಎಡವುತ್ತಾರೆ. 2023ರಲ್ಲಿ ಎಎಂಡಿ ಸಂಸ್ಥೆ ಬಿಡುಗಡೆಮಾಡಿದ ರೈಜೆನ್ 7 7800ಎಕ್ಸ್3ಡಿ ಆಟಗಳಲ್ಲಿ ಬಳಸುವುದು ಸಾಮಾನ್ಯವಾಗಿ 50ರಿಂದ 80 ವ್ಯಾಟ್ ಮಾತ್ರ. ಕಾರ್ಡಿನ 250 ವ್ಯಾಟಿನೆದುರು ಇದು ಅಲ್ಪವೆನ್ನಿಸೀತು. ಆದರೆ ಆ ಶಾಖದ ಬಹುಭಾಗ ಹೊಮ್ಮುವುದು ಸುಮಾರು 70 ಚದರ ಮಿಲಿಮೀಟರಿನ, ಉಗುರಿಗಿಂತ ಕಿರಿದಾದ ಸಿಲಿಕಾನ್ ತುಣುಕಿನಿಂದ. ಅದರ ಮೇಲೆ 64 ಮೆಗಾಬೈಟಿನ ಹೆಚ್ಚುವರಿ ಕ್ಯಾಶ್ ಸ್ಮೃತಿಯ ಪದರವೊಂದನ್ನು ಅಂಟಿಸಿರುವುದರಿಂದಲೇ ಆಟಗಳಲ್ಲಿ ಆ ಪ್ರೊಸೆಸರಿಗೆ ಅಂಥ ಅಸಾಧಾರಣ ವೇಗ ಬಂದಿತು. ಅದೇ ಪದರ ಶಾಖದ ಹೊರದಾರಿಯಲ್ಲಿ ಹೊದಿಕೆಯಂತೆ ಕುಳಿತುದರಿಂದ ಅದರ ಗರಿಷ್ಠ ತಾಪವನ್ನು 89 ಡಿಗ್ರಿಗೆ ಮಿತಿಗೊಳಿಸಬೇಕಾಯಿತು. 2024ರ ನವೆಂಬರಿನಲ್ಲಿ ಬಂದ 9800ಎಕ್ಸ್3ಡಿಯಲ್ಲಿ ಆ ಪದರವನ್ನು ಲೆಕ್ಕಾಚಾರ ಮಾಡುವ ಭಾಗದ ಕೆಳಕ್ಕೆ ಸಾಗಿಸಿ, ಬಿಸಿಯಾಗುವ ಸಿಲಿಕಾನನ್ನು ಕೂಲರಿನ ಸಮೀಪಕ್ಕೆ ತಂದರು. ಮಿತಿಯೂ 95 ಡಿಗ್ರಿಗೆ ಏರಿತು. ಕೆಳಗಿದ್ದುದನ್ನು ಮೇಲಕ್ಕೂ ಮೇಲಿದ್ದುದನ್ನು ಕೆಳಕ್ಕೂ ಇಡುವ ಇಷ್ಟೇ ಸರಳವಾದ ಭಾವನೆಯ ಹಿಂದೆ ಇರುವ ತಯಾರಿಕಾ ಕೌಶಲ ನನಗಂತೂ ವಿಸ್ಮಯವನ್ನುಂಟುಮಾಡುತ್ತದೆ. ಆದರೂ ಹೊಸದು ವೇಗದೊಡನೆ ವಿದ್ಯುತ್ತನ್ನೂ ಹೆಚ್ಚಾಗಿ ಬಯಸುತ್ತದೆ. ಹತ್ತು ಲೀಟರಿನ ಪೆಟ್ಟಿಗೆಗೆ ಹಳೆಯದೇ ಹೆಚ್ಚು ಹೊಂದುವ ಒಡನಾಡಿಯೆಂದು ನನ್ನ ಭಾವನೆ. ಹಣದ ಬಿಗಿಯಿದ್ದವರಿಗೆ 65 ವ್ಯಾಟಿನ ವರ್ಗಕ್ಕೆ ಸೇರಿದ ರೈಜೆನ್ 5 7600 ಯಾವ ಬಗೆಯಿಂದಲೂ ಕೊರತೆಯೆನ್ನಿಸದು.

ಪ್ರೊಸೆಸರಿನ ಶಾಖವನ್ನು ತಗ್ಗಿಸಲು ಕೂಲರಿಗಿಂತ ಮೊದಲೇ ಒಂದು ಉಪಾಯವುಂಟು. ಸಿಲಿಕಾನಿನಲ್ಲಿ ವ್ಯಯವಾಗುವ ವಿದ್ಯುತ್ತು ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಆದುದರಿಂದ ವೇಗವನ್ನು ಇದ್ದಂತೆಯೇ ಇರಿಸಿ ವೋಲ್ಟೇಜನ್ನು ಶೇಕಡಾ 10ರಷ್ಟು ಇಳಿಸಲು ಸಾಧ್ಯವಾದರೆ, ಆ ಭಾಗದ ಶಾಖ ಶೇಕಡಾ 19ರಷ್ಟು ಇಳಿಯಬೇಕು. ಪ್ರತಿಯೊಂದು ಚಿಪ್ಪಿನ ಸಾಮರ್ಥ್ಯವೂ ತುಸು ಬೇರೆ ಬೇರೆಯಾಗಿರುವುದರಿಂದ ತಯಾರಕರು ಎಲ್ಲಕ್ಕೂ ಸಾಲುವಂತೆ ವೋಲ್ಟೇಜನ್ನು ಕೊಂಚ ಧಾರಾಳವಾಗಿಯೇ ನಿಗದಿಪಡಿಸಿರುತ್ತಾರೆ. ಆ ಧಾರಾಳವನ್ನು ಮೆಲ್ಲಮೆಲ್ಲನೆ ಹಿಂತೆಗೆದುಕೊಂಡು, ಹಂತಹಂತಕ್ಕೂ ಯಂತ್ರ ಸ್ಥಿರವಾಗಿ ನಡೆಯುತ್ತದೆಯೇ ಎಂದು ಪರೀಕ್ಷಿಸುವುದನ್ನೇ ಅಂಡರ್‌ವೋಲ್ಟಿಂಗ್ ಎನ್ನುತ್ತಾರೆ. ಗ್ರಾಫಿಕ್ಸ್ ಕಾರ್ಡಿಗೂ ಇದು ಅನ್ವಯಿಸುತ್ತದೆ. ಅದರ ವಿದ್ಯುತ್ ಮಿತಿಯನ್ನು ಶೇಕಡಾ 85ಕ್ಕೆ ಇಳಿಸಿದರೆ ಆಟದ ವೇಗ ಅದೇ ಪ್ರಮಾಣದಲ್ಲಿ ಇಳಿಯುವುದೆಂದು ಭಯಪಡಬೇಕಾದುದಿಲ್ಲ. ಇಳಿತ ಅದಕ್ಕಿಂತ ಬಹಳ ಕಡಿಮೆ, ಏಕೆಂದರೆ ಕೊನೆಯ ಕೆಲವು ಮೆಗಾಹರ್ಟ್ಸ್‌ಗಳನ್ನು ಪಡೆಯುವುದಕ್ಕಾಗಿಯೇ ಕಾರ್ಡು ಅತಿ ದುಬಾರಿಯಾದ ವ್ಯಾಟುಗಳನ್ನು ವ್ಯಯಿಸುತ್ತಿರುತ್ತದೆ. ಪುಟ್ಟ ಪೆಟ್ಟಿಗೆಯಲ್ಲಿ ಉತ್ಪತ್ತಿಯಾಗದೆ ಹೋದ ಶಾಖದಷ್ಟು ಸುಲಭವಾಗಿ ಹೊರಗೆ ಕಳುಹಿಸಬಹುದಾದ ಶಾಖ ಇನ್ನೊಂದಿಲ್ಲ.

ಕೂಲರಿನ ಒಳಗಿನ ವ್ಯಾಪಾರವನ್ನು ತಿಳಿದರೆ ಆಯ್ಕೆ ಸುಲಭವಾಗುತ್ತದೆ. ಪ್ರೊಸೆಸರಿನ ಮೇಲೆ ಕೂರುವ ತಾಮ್ರದ ತಳದಿಂದ ಹೊರಟು ಅಲ್ಯೂಮಿನಿಯಂ ರೆಕ್ಕೆಗಳ ನಡುವೆ ಹಾದುಹೋಗುವ ಕೊಳವೆಗಳು ಘನವಾದ ಸರಳುಗಳಲ್ಲ. ಒಳಗೆ ಗಾಳಿಯನ್ನೆಲ್ಲ ತೆಗೆದು, ಕೊಂಚವೇ ನೀರನ್ನಿಟ್ಟು ಬೆಸೆದು ಮುಚ್ಚಿದ ಟೊಳ್ಳುಗಳು. ಒತ್ತಡ ಕಡಿಮೆಯಾದ್ದರಿಂದ ಆ ನೀರು ಅಲ್ಪ ತಾಪದಲ್ಲಿಯೇ ಆವಿಯಾಗಿ, ತಣ್ಣಗಿರುವ ತುದಿಗೆ ಧಾವಿಸಿ, ಅಲ್ಲಿ ದ್ರವವಾಗಿ ಶಾಖವನ್ನು ಬಿಟ್ಟುಕೊಟ್ಟು, ಕೊಳವೆಯ ಒಳಗೋಡೆಯ ಸೂಕ್ಷ್ಮರಂಧ್ರಗಳ ಪದರದ ಮೂಲಕ ಮತ್ತೆ ಬಿಸಿಯ ಕಡೆಗೆ ಹರಿದುಬರುತ್ತದೆ. 1963ರಲ್ಲಿ ಅಮೆರಿಕದ ಲಾಸ್ ಅಲಮೋಸ್ ಪ್ರಯೋಗಾಲಯದಲ್ಲಿ ಜಾರ್ಜ್ ಗ್ರೋವರ್ ಎಂಬ ವಿಜ್ಞಾನಿ ಸಿದ್ಧಪಡಿಸಿದ ಈ ತತ್ತ್ವ ಮೊದಲು ಬಾಹ್ಯಾಕಾಶದ ಉಪಕರಣಗಳಿಗೆ ಉಪಯುಕ್ತವಾಗಿ, ಈಗ ನಮ್ಮ ಮೇಜಿನ ಮೇಲಕ್ಕೂ ಇಳಿದುಬಂದಿದೆ. ಆದರೆ ಕೊಳವೆ ಶಾಖವನ್ನು ರೆಕ್ಕೆಗಳವರೆಗೆ ಮುಟ್ಟಿಸಬಲ್ಲುದೇ ಹೊರತು ಗಾಳಿಗೆ ಒಪ್ಪಿಸಲಾರದು. ಅದಕ್ಕೆ ರೆಕ್ಕೆಗಳ ವಿಸ್ತಾರವೂ ಫ್ಯಾನಿನ ಗಾತ್ರವೂ ಬೇಕು. ಆಸ್ಟ್ರಿಯಾದ ನಾಕ್ಟುವಾ ಸಂಸ್ಥೆಯ ಎನ್‌ಎಚ್-ಎಲ್9ಎ ಎಂಬ 37 ಮಿಲಿಮೀಟರ್ ಎತ್ತರದ ಕೂಲರು ಎಷ್ಟೇ ನಾಜೂಕಾಗಿದ್ದರೂ ಎಕ್ಸ್3ಡಿ ಪ್ರೊಸೆಸರಿನ ಪೂರ್ಣಬಲಕ್ಕೆ ಸಾಲದು. ಅದೇ ಸಂಸ್ಥೆಯ 70 ಮಿಲಿಮೀಟರಿನ ಎನ್‌ಎಚ್-ಎಲ್12ಎಸ್ ಕೂಲರಿನಲ್ಲಿ 120 ಮಿಲಿಮೀಟರಿನ ತೆಳುವಾದ ಫ್ಯಾನಿಗೂ ನಾಲ್ಕು ಕೊಳವೆಗಳಿಗೂ ಎಡೆಯಿದೆ. ಕಾರ್ಡನ್ನು ತೆಳ್ಳಗಿನದನ್ನೇ ಆರಿಸಿ ಉಳಿಸಿಕೊಂಡ ಮಿಲಿಮೀಟರುಗಳು ಸಾರ್ಥಕವಾಗುವುದು ಇಲ್ಲಿ. ಕೂಲರಿನ ಕೆಳಗೆ ನುಸುಳಬೇಕಾದ ರ‍್ಯಾಮ್‌ಗಳ ಮೇಲೆ ಬಣ್ಣದ ದೀಪಗಳ ಕಿರೀಟವಿದ್ದರೆ ಎರಡೂ ಒಂದಕ್ಕೊಂದು ತಾಗುತ್ತವೆ. ತಗ್ಗಾದ, ಸಾದಾ ರ‍್ಯಾಮ್ ಇಂಥಲ್ಲಿ ಒಳ್ಳೆಯದು.

ಯಂತ್ರಕ್ಕೆ ವಿದ್ಯುತ್ತನ್ನೊದಗಿಸುವ ಎಸ್‌ಎಂಪಿಎಸ್ ವಿಚಾರವನ್ನು ಬೇಗ ಮುಗಿಸಬಹುದು. 125, 100, 63.5 ಮಿಲಿಮೀಟರ್ ಅಳತೆಯ ಎಸ್‌ಎಫ್‌ಎಕ್ಸ್ ಜಾತಿಯದು ಬೇಕು; ಈ ಉದಾಹರಣೆಗೆ 650 ಅಥವಾ 750 ವ್ಯಾಟಿನದು ಧಾರಾಳವಾಗಿ ಸಾಕು; ಕೇಬಲುಗಳು ಬಿಡಿಬಿಡಿಯಾಗಿ ಕಳಚಿಬರುವಂಥದಾಗಿರಬೇಕು, ಇಲ್ಲದಿದ್ದ ಪಕ್ಷದಲ್ಲಿ ಉಪಯೋಗವಿಲ್ಲದ ತಂತಿಗಳ ಕಟ್ಟೇ ಗಾಳಿಯ ದಾರಿಗೆ ಅಡ್ಡಗೋಡೆಯಾಗುತ್ತದೆ. ಎಚ್ಚರದಿಂದಿರಬೇಕಾದುದು ಕಾರ್ಡಿಗೆ ವಿದ್ಯುತ್ತನ್ನು ಕೊಡುವ ಹದಿನಾರು ಕಡ್ಡಿಗಳ ಕನೆಕ್ಟರಿನ ವಿಷಯದಲ್ಲಿ. 2022ರ ಕೊನೆಯಲ್ಲಿ 450 ವ್ಯಾಟಿನ ಆರ್‌ಟಿಎಕ್ಸ್ 4090 ಕಾರ್ಡುಗಳಲ್ಲಿ ಅದು ಕರಗಿಹೋದ ಪ್ರಸಂಗಗಳು ನಡೆದು, ಅನಂತರ ಅದರ ರಚನೆಯನ್ನು ತಿದ್ದಲಾಯಿತು. 250 ವ್ಯಾಟಿನಲ್ಲಿ ಅಪಾಯ ಬಹಳ ಕಡಿಮೆಯಾದರೂ, ಕನೆಕ್ಟರನ್ನು ಕೊನೆಯವರೆಗೆ ಒತ್ತಿ ಕೂರಿಸಬೇಕು, ಮತ್ತು ಅದರ ಬುಡದಿಂದ 35 ಮಿಲಿಮೀಟರಿನೊಳಗೆ ತಂತಿಯನ್ನು ಮಡಿಸಬಾರದು.

ಫ್ಯಾನುಗಳ ವೇಗದಿಂದಲೇ ಎಲ್ಲವನ್ನೂ ಸರಿಪಡಿಸಿಕೊಳ್ಳುತ್ತೇವೆಂಬ ಭರವಸೆ ಕೆಲವರದು. ಫ್ಯಾನು ತಿರುಗುವ ವೇಗ ಶೇಕಡಾ 20ರಷ್ಟು ಹೆಚ್ಚಿದರೆ ಗಾಳಿಯೂ ಶೇಕಡಾ 20ರಷ್ಟೇ ಹೆಚ್ಚುತ್ತದೆ. ಅದಕ್ಕೆ ತಗಲುವ ವಿದ್ಯುತ್ತಾದರೋ ವೇಗದ ಘನಕ್ಕೆ ಅನುಗುಣವಾದುದರಿಂದ ಶೇಕಡಾ 70ಕ್ಕೂ ಮಿಗಿಲಾಗಿ ಏರುತ್ತದೆ, ಸದ್ದು ಸುಮಾರು 4 ಡೆಸಿಬೆಲ್ ಹೆಚ್ಚುತ್ತದೆ. ದೊಡ್ಡ ಫ್ಯಾನನ್ನು ನಿಧಾನವಾಗಿ ತಿರುಗಿಸುವುದು ಸಣ್ಣದನ್ನು ರಭಸದಿಂದ ತಿರುಗಿಸುವುದಕ್ಕಿಂತ ಎಂದೆಂದಿಗೂ ಮೇಲೆನ್ನುವುದು ಇದರಿಂದಲೇ. ಫ್ಯಾನಿಗಿಂತ ಹೆಚ್ಚಾಗಿ ಕೆಡುಕುಮಾಡುವುದು, ಕೂಲರಿನಿಂದ ಹೊರಟ ಬಿಸಿಗಾಳಿ ಹೊರಕ್ಕೆ ಹೋಗದೆ ಪಕ್ಕದಲ್ಲಿಯೇ ಸುತ್ತಿಬಂದು ಅದೇ ಫ್ಯಾನಿನ ಬಾಯಿಗೆ ಬೀಳುವ ಆವರ್ತ. 77 ಮಿಲಿಮೀಟರ್ ಎಡೆಯಲ್ಲಿ ಕೂರಿಸಿದ 70 ಮಿಲಿಮೀಟರಿನ ಕೂಲರಿನ ನೆತ್ತಿಯಲ್ಲಿ 7 ಮಿಲಿಮೀಟರ್ ಸಂದು ಉಳಿಯುತ್ತದಷ್ಟೆ. ಕೂಲರಿನ ಅಂಚಿನ ಸುತ್ತಲೂ ಸ್ಪಂಜಿನ ಪಟ್ಟಿಯನ್ನು ಅಂಟಿಸಿ ಆ ಸಂದನ್ನು ಮುಚ್ಚಿದರೆ ಹೊರಗಿನ ತಂಪು ಗಾಳಿಯ ಹೊರತು ಬೇರೇನೂ ಒಳಹೋಗಲಾರದು.

ಶೀತದೇಶಗಳಲ್ಲಿ ಬರೆದ ಪರೀಕ್ಷಾ ವರದಿಗಳನ್ನು ನಮ್ಮವರು ಓದುವಾಗ ಒಂದು ತಿದ್ದುಪಡಿಯನ್ನು ಅವಶ್ಯವಾಗಿ ಮಾಡಿಕೊಳ್ಳಬೇಕು. ಕೂಲರು ತಗ್ಗಿಸುವುದು ಕೋಣೆಯ ಗಾಳಿಗೂ ಚಿಪ್ಪಿಗೂ ನಡುವಣ ತಾಪದ ಅಂತರವನ್ನೇ ಹೊರತು ಕೋಣೆಯ ತಾಪವನ್ನಲ್ಲ. ಬೆಂಗಳೂರಿನ ತಂಪಾದ ದಿನವೊಂದರಲ್ಲಿ, 26 ಡಿಗ್ರಿಯ ಕೋಣೆಯಲ್ಲಿ, 74 ಡಿಗ್ರಿ ತೋರಿಸುತ್ತಿದ್ದ ಪ್ರೊಸೆಸರು, ಫ್ಯಾನಿನ ವೇಗ ಅಷ್ಟೇ ಇದ್ದರೆ, ರಾಯಚೂರಿನಲ್ಲಿಯೋ ಕಲಬುರಗಿಯಲ್ಲಿಯೋ ಮೇ ತಿಂಗಳಿನ ಮಧ್ಯಾಹ್ನ 42 ಡಿಗ್ರಿಯ ಕೋಣೆಯಲ್ಲಿ 90ನ್ನು ಮುಟ್ಟಲು ಹೊರಡುತ್ತದೆ. 89ರ ಮಿತಿಯನ್ನು ತಲಪಿದೊಡನೆ ತನ್ನ ವೇಗವನ್ನು ತಾನೇ ಕುಗ್ಗಿಸಿಕೊಳ್ಳುತ್ತದೆ. ಆ ಸೀಮೆಯವರು ಕ್ಯಾಬಿನೆಟ್ಟನ್ನು ಆರಿಸುವಾಗಲೇ ಹತ್ತಕ್ಕೆ ಬದಲಾಗಿ 18 ಲೀಟರಿನ ಕೂಲರ್ ಮಾಸ್ಟರ್ ಎನ್‌ಆರ್200ರಂಥದನ್ನು ಪರಿಶೀಲಿಸುವುದು ವಿಹಿತ. ಅದೂ ಪುಟ್ಟದೇ, ಆದರೆ ಅದರಲ್ಲಿ 240 ಮಿಲಿಮೀಟರಿನ ನೀರಿನ ರೇಡಿಯೇಟರಿಗೂ ಎಡೆಯುಂಟು. ನೀರಿನ ಕೂಲರನ್ನು ಬಳಸುವವರು ರೇಡಿಯೇಟರಿನ ಒಂದು ಭಾಗವಾದರೂ ಪಂಪಿಗಿಂತ ಮೇಲಿರುವಂತೆ ನೋಡಿಕೊಳ್ಳಬೇಕು. ಒಳಗಿನ ಗಾಳಿಗುಳ್ಳೆಗಳು ಅತ್ಯುನ್ನತವಾದ ಸ್ಥಳವನ್ನು ಸೇರುವುದರಿಂದ, ಆ ಸ್ಥಳ ಪಂಪೇ ಆಗಿದ್ದರೆ ಅದು ಗೊರಗುಟ್ಟುತ್ತ ಬೇಗ ಸವೆದುಹೋಗುತ್ತದೆ.

ಎಲ್ಲವನ್ನೂ ಜೋಡಿಸಿ ಮುಗಿಸಿದ ಮೇಲೆ ಮಾಡತಕ್ಕ ಒಂದು ಪರೀಕ್ಷೆ ಉಂಟು. ಇದಕ್ಕೆ ಯಾವ ಉಪಕರಣವೂ ಬೇಡ. ಭಾರವಾದ ಆಟವೊಂದನ್ನು ಅರ್ಧ ಗಂಟೆ ನಡೆಸಿ, ಪ್ರೊಸೆಸರಿನ ಮತ್ತು ಕಾರ್ಡಿನ ತಾಪಗಳನ್ನು ಬರೆದುಕೊಳ್ಳಿರಿ. ಅನಂತರ ಎರಡು ಪಕ್ಕದ ಹಾಳೆಗಳನ್ನೂ ಕಳಚಿಟ್ಟು, ಅದೇ ಕೋಣೆಯಲ್ಲಿ ಅದೇ ಆಟವನ್ನು ಮತ್ತೆ ಅಷ್ಟೇ ಹೊತ್ತು ನಡೆಸಿರಿ. ವ್ಯತ್ಯಾಸ ಎರಡು ಮೂರು ಡಿಗ್ರಿಯಾದರೆ ಗಾಳಿಯ ದಾರಿ ಸರಿಯಾಗಿದೆ. ತಾಪ ಇನ್ನೂ ಹೆಚ್ಚೆನ್ನಿಸಿದರೆ ಕೂಲರನ್ನೋ ವೋಲ್ಟೇಜನ್ನೋ ಪರಿಶೀಲಿಸಬೇಕು. ಹಾಳೆ ತೆಗೆದೊಡನೆ ಹತ್ತು ಡಿಗ್ರಿ ಇಳಿದರೆ ದೋಷ ಕೂಲರಿನದಲ್ಲ, ಹೊಸ ಕೂಲರಿಗೆ ಹಣ ಸುರಿದು ಫಲವಿಲ್ಲ. ಫ್ಯಾನಿಗೂ ಹಾಳೆಗೂ ನಡುವಣ ಸಂದು, ರಂಧ್ರಗಳಲ್ಲಿ ಕಟ್ಟಿಕೊಂಡ ಧೂಳು, ಗೋಡೆಗೆ ತೀರ ಒತ್ತಿ ಇಟ್ಟ ಪೆಟ್ಟಿಗೆ, ನಡುವೆ ಸಿಕ್ಕಿಕೊಂಡ ಕೇಬಲಿನ ಕಟ್ಟು, ಈ ನಾಲ್ಕರಲ್ಲಿ ಯಾವುದೋ ಒಂದು ಅಡ್ಡ ನಿಂತಿದೆಯೆಂದು ತಿಳಿದು, ಸ್ಕ್ರೂಗಳನ್ನು ಮತ್ತೆ ಬಿಗಿಯುವ ಮೊದಲೇ ಅದನ್ನು ಹುಡುಕಿ ತೆಗೆಯಬೇಕು.